ರೂಟರ್‌ಗಳು ಒಂದಕ್ಕೊಂದು ದಾರಿ ಹೇಳುವುದು ಹೇಗೆ: ಮೂರು ರೂಟರ್ ಇಟ್ಟುಕೊಂಡು ಒಂದು ಅಭ್ಯಾಸ

ರೂಟರ್‌ಗೆ ತಾನಾಗಿ ಗೊತ್ತಿರುವುದು ತನ್ನ ಪೋರ್ಟ್‌ಗಳಿಗೆ ನೇರವಾಗಿ ತಗುಲಿಕೊಂಡ ನೆಟ್‌ವರ್ಕ್‌ಗಳಷ್ಟೇ. ಅದರಾಚೆಗಿನದೆಲ್ಲ ಯಾರೋ ಹೇಳಿದ್ದು: ಒಂದೋ ನೀವು ಕೈಯಾರೆ ಬರೆದುಕೊಟ್ಟದ್ದು, ಇಲ್ಲವೇ ಪಕ್ಕದ ರೂಟರ್ ತಿಳಿಸಿದ್ದು. ಹಾಗಾಗಿ ರೂಟಿಂಗ್ ಪ್ರೊಟೊಕಾಲ್ (ರೂಟರ್‌ಗಳು ಒಂದಕ್ಕೊಂದು ದಾರಿ ಹೇಳುವ ಭಾಷೆ) ಕಲಿಯುವಾಗ ಕಮಾಂಡ್‌ಗಳ ಪಟ್ಟಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ. ಈ ರೂಟರ್ ಯಾರ ಮಾತು ಕೇಳುತ್ತದೆ? ಅದನ್ನು ಎಷ್ಟು ನಂಬುತ್ತದೆ? ತಾನು ಯಾರಿಗೆ ಏನು ಹೇಳುತ್ತದೆ? ಆಫೀಸಿನ ಲ್ಯಾನ್ ಇರಲಿ, ಖಂಡಾಂತರದ ವ್ಯಾನ್ ಇರಲಿ, ಈ ಮೂರಕ್ಕೆ ಉತ್ತರ ಗೊತ್ತಿದ್ದರೆ ಉಳಿದದ್ದನ್ನು ಮ್ಯಾನುಯಲ್ ನೋಡಿ ಬರೆಯಬಹುದು.

ಓದುತ್ತಾ ಹೋಗುವ ಬದಲು ಕೈಯಾಡಿಸುತ್ತಾ ಕಲಿಯೋಣ. ನಿಜವಾದ ರೂಟರ್ ಬೇಕಿಲ್ಲ. ಲಿನಕ್ಸ್ ಮೇಲೆ ಉಚಿತವಾಗಿ ಸಿಗುವ ಎಫ್‌ಆರ್‌ರೂಟಿಂಗ್ ಎಂಬ ರೂಟರ್ ತಂತ್ರಾಂಶ ಸಾಕು. ಕಂಪ್ಯೂಟರಿನೊಳಗೇ ನೆಟ್‌ವರ್ಕ್ ಕಟ್ಟಿಕೊಡುವ ಜಿಎನ್‌ಎಸ್3 ಅಥವಾ ಕಂಟೇನರ್‌ಲ್ಯಾಬ್‌ನಲ್ಲಿ ಮೂರು ರೂಟರ್ ಎಬ್ಬಿಸಲು ಸಾಧಾರಣ ಲ್ಯಾಪ್‌ಟಾಪ್ ಸಾಲುತ್ತದೆ. ಕಮಾಂಡ್‌ಗಳ ಭಾಷೆ ರೂಟರ್ ತಯಾರಕ ಸಿಸ್ಕೊ ಶೈಲಿಯದೇ ಆದ್ದರಿಂದ ಇಲ್ಲಿ ಕಲಿತದ್ದು ಅಲ್ಲಿಯೂ ನಡೆಯುತ್ತದೆ.

ಹಂತ 1: ಮೊದಲು ಕಾಗದ, ಆಮೇಲೆ ಕೀಬೋರ್ಡ್

ಒಂದು ತ್ರಿಕೋನ ಬರೆಯಿರಿ. ಮೂಲೆಗಳಿಗೆ ಆರ್1, ಆರ್2, ಆರ್3 ಎಂದು ಹೆಸರಿಡಿ. ಆರ್1–ಆರ್2 ಲಿಂಕ್‌ಗೆ 10.0.12.0/30, ಆರ್2–ಆರ್3 ಲಿಂಕ್‌ಗೆ 10.0.23.0/30, ಆರ್1–ಆರ್3 ಲಿಂಕ್‌ಗೆ 10.0.13.0/30. ಗೆರೆಯ ನಂತರದ ಅಂಕಿ, ವಿಳಾಸದ ಮೊದಲ ಎಷ್ಟು ಬಿಟ್ ನೆಟ್‌ವರ್ಕನ್ನು ಗುರುತಿಸುತ್ತವೆ ಎಂಬುದು; ಆ ಭಾಗವೇ ಪ್ರಿಫಿಕ್ಸ್. ಸಂಖ್ಯೆ ನೋಡಿದರೆ ಯಾವ ಎರಡು ರೂಟರ್‌ಗಳ ನಡುವಿನದು ಎಂದು ತಿಳಿಯಬೇಕು; ನಡುರಾತ್ರಿ ಲಾಗ್ ಓದುವಾಗ ಇದರ ಬೆಲೆ ಗೊತ್ತಾಗುತ್ತದೆ. ಪ್ರತಿ ರೂಟರ್‌ನ ಹಿಂದೆ ಒಂದೊಂದು ಲ್ಯಾನ್: 192.168.1.0/24, 192.168.2.0/24, 192.168.3.0/24. ಆರ್1–ಆರ್3 ಲಿಂಕ್ 100 ಎಂಬಿಪಿಎಸ್, ಉಳಿದವೆಲ್ಲ 1 ಜಿಬಿಪಿಎಸ್ ಎಂದು ಬರೆದುಕೊಳ್ಳಿ. ಲ್ಯಾಬ್‌ನಲ್ಲಿ ವೇಗ ನಿಜವಾಗಿ ಅಷ್ಟೇ ಇರಬೇಕಿಲ್ಲ. ಇಂಟರ್‌ಫೇಸ್‌ನಲ್ಲಿ ಬ್ಯಾಂಡ್‌ವಿಡ್ತ್ ಮೌಲ್ಯ ಬರೆದರೆ ಪ್ರೊಟೊಕಾಲ್ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ವಿಳಾಸ ಕೊಟ್ಟ ಮೇಲೆ ಆರ್1ರಲ್ಲಿ 'ಶೋ ಐಪಿ ರೂಟ್' ಹಾಕಿ. ಅದರ ಸ್ವಂತ ಮೂರು ನೆಟ್‌ವರ್ಕ್‌ಗಳು 'ಸಿ' ಅಕ್ಷರದೊಂದಿಗೆ ಕಾಣುತ್ತವೆ, ಅಂದರೆ ಕನೆಕ್ಟೆಡ್. ಇಷ್ಟು ಅದು ಕಣ್ಣಾರೆ ಕಂಡದ್ದು. 192.168.3.0ದ ಒಂದು ಯಂತ್ರಕ್ಕೆ ಪಿಂಗ್ ಮಾಡಿದರೆ ('ಇದ್ದೀಯಾ' ಎಂದು ಕೇಳುವ ಪ್ಯಾಕೆಟ್ ಕಳಿಸಿದರೆ) ಉತ್ತರವಿಲ್ಲ. ಅಂಥದೊಂದು ನೆಟ್‌ವರ್ಕ್ ಇದೆ ಎಂಬುದೇ ಆರ್1ಗೆ ಗೊತ್ತಿಲ್ಲ.

ಹಂತ 2: ಕೈಯಾರೆ ಬರೆದು, ಅದರ ಮಿತಿ ನೋಡಿ

ಆರ್1ರಲ್ಲಿ ಒಂದು ಸ್ಟ್ಯಾಟಿಕ್ ರೂಟ್ ಬರೆಯಿರಿ: 192.168.3.0/24ಕ್ಕೆ ಹೋಗಬೇಕಾದರೆ 10.0.13.2ರ, ಅಂದರೆ ಆರ್3ರ, ಕೈಗೆ ಕೊಡು. 192.168.1.0ದ ಒಂದು ಯಂತ್ರದಿಂದ ಮಾಡಿದ ಪಿಂಗ್ ಇನ್ನೂ ನಡೆಯುವುದಿಲ್ಲ. ಏಕೆಂದರೆ ಆರ್3ಗೆ 192.168.1.0 ಎಲ್ಲಿದೆ ಎಂದು ಗೊತ್ತಿಲ್ಲ. ಹೋದ ಪ್ಯಾಕೆಟ್ ತಲುಪಿದೆ, ವಾಪಸು ಬರುವ ದಾರಿ ಇಲ್ಲ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಹೋಗುವ ದಾರಿ ಮತ್ತು ಬರುವ ದಾರಿ ಎರಡು ಬೇರೆ ಬೇರೆ ತೀರ್ಮಾನಗಳು, ಎರಡನ್ನೂ ಬೇರೆ ಬೇರೆ ರೂಟರ್‌ಗಳು ತೆಗೆದುಕೊಳ್ಳುತ್ತವೆ.

ಆರ್3ರಲ್ಲೂ ಬರೆದಮೇಲೆ ಪಿಂಗ್ ಹೋಗುತ್ತದೆ. ಈಗ ಆರ್1 ಮತ್ತು ಆರ್3ರ ನಡುವೆ ಒಂದು ಸ್ವಿಚ್ ಇದೆ ಎಂದುಕೊಳ್ಳಿ. ಸ್ವಿಚ್‌ನಿಂದ ಆರ್3ಕ್ಕೆ ಹೋಗುವ ಕೇಬಲ್ ಕಿತ್ತುಹೋಯಿತು. ಆರ್1ರ ಕಡೆ ದೀಪ ಇನ್ನೂ ಹಸಿರು. ಪೋರ್ಟ್ ಎದ್ದಿದೆ, ಆದ್ದರಿಂದ ಸ್ಟ್ಯಾಟಿಕ್ ರೂಟ್ ಕೂಡ ಜೀವಂತ. ಪ್ಯಾಕೆಟ್‌ಗಳು ಒಂದರ ಹಿಂದೊಂದು ಬಾವಿಗೆ ಬೀಳುತ್ತಿರುತ್ತವೆ. ಆರ್2ರ ಮೂಲಕ ಒಳ್ಳೆಯ ದಾರಿ ಇದ್ದರೂ ಅದನ್ನು ಆರ್1ಗೆ ಹೇಳುವವರಿಲ್ಲ. ರೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಬೇಕು ಎನ್ನುವುದು ಇದಕ್ಕೇ. ಸ್ಟ್ಯಾಟಿಕ್ ರೂಟ್‌ಗಳನ್ನು ಅಳಿಸಿ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ರಿಪ್, ಅಥವಾ 'ಅಂತೆ'ಯ ಭಾಷೆ

ನಾವು ಸ್ವತಃ ನೋಡದ ಸಂಗತಿಯನ್ನು ಹೇಳುವಾಗ ಕೊನೆಗೊಂದು 'ಅಂತೆ' ಸೇರಿಸುತ್ತೇವೆ. ರಿಪ್ ಎಂಬ ರೂಟಿಂಗ್ ಪ್ರೊಟೊಕಾಲ್ ಮಾತಾಡುವುದು ಪೂರ್ತಿ ಅದೇ ಧಾಟಿಯಲ್ಲಿ. ಆರ್3 ತನ್ನ ಲ್ಯಾನ್ ಬಗ್ಗೆ ಆರ್2ಗೆ ಹೇಳುತ್ತದೆ. ಆರ್2 ಅದಕ್ಕೆ ಒಂದು ಹಾಪ್ (ದಾರಿಯಲ್ಲಿ ದಾಟುವ ರೂಟರ್‌ಗಳ ಎಣಿಕೆ) ಸೇರಿಸಿ ಆರ್1ಗೆ ಹೇಳುತ್ತದೆ: '192.168.3.0 ನನ್ನ ಮೂಲಕ ಇಷ್ಟು ಹಾಪ್ ದೂರವಂತೆ.' ನಡುವೆ ಏನಿದೆ, ಮಾತು ಮೂಲತಃ ಯಾರಿಂದ ಬಂತು, ಯಾವುದೂ ಆರ್1ಗೆ ಗೊತ್ತಾಗುವುದಿಲ್ಲ. ದೂರ ಮತ್ತು ದಿಕ್ಕು ಮಾತ್ರ. ಇದಕ್ಕೆ ಡಿಸ್ಟೆನ್ಸ್ ವೆಕ್ಟರ್ ಎಂಬ ಹೆಸರು ಬಂದದ್ದು ಅದರಿಂದಲೇ.

ಮೂರೂ ರೂಟರ್‌ಗಳಲ್ಲಿ ರಿಪ್ ಆವೃತ್ತಿ 2 ಚಾಲೂ ಮಾಡಿ. ಪ್ರತಿ 30 ಸೆಕೆಂಡಿಗೊಮ್ಮೆ ಯುಡಿಪಿ ಪೋರ್ಟ್ 520ರಲ್ಲಿ, 224.0.0.9 ಮಲ್ಟಿಕಾಸ್ಟ್ ವಿಳಾಸಕ್ಕೆ, ತನಗೆ ಗೊತ್ತಿರುವ ಪಟ್ಟಿಯನ್ನೆಲ್ಲ ಅದು ಒಪ್ಪಿಸುತ್ತದೆ. 180 ಸೆಕೆಂಡ್ ಸುದ್ದಿಯೇ ಬರದಿದ್ದರೆ ಆ ದಾರಿ ಸತ್ತಿತೆಂದು ಗುರುತು ಹಾಕುತ್ತದೆ.

ಈಗ ಆರ್1ರ ಟೇಬಲ್ ನೋಡಿ. 192.168.3.0ಕ್ಕೆ ನಿಧಾನದ ನೇರ ಲಿಂಕನ್ನೇ ಅದು ಹಿಡಿದಿದೆ. ಹಾಪ್ ಕಡಿಮೆ, ಅಷ್ಟೇ ಅದಕ್ಕೆ ಬೇಕಾದದ್ದು. ಆ ದಾರಿ ಹತ್ತು ಪಟ್ಟು ಕಿರಿದು ಎಂದು ತಿಳಿಸಲು ರಿಪ್‌ನ ಭಾಷೆಯಲ್ಲಿ ಪದವೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಸುದ್ದಿ ಸುತ್ತಿ ಬರುವುದು. ಆರ್1–ಆರ್3 ಲಿಂಕ್ ತೆಗೆದು ಮೂರನ್ನೂ ಒಂದೇ ಸಾಲಿನಲ್ಲಿ ಕಲ್ಪಿಸಿಕೊಳ್ಳಿ. ಆರ್3ರ ಲ್ಯಾನ್ ಬಿದ್ದುಹೋಯಿತು. ಆರ್3 ಅದನ್ನು ಹೇಳುವ ಮೊದಲೇ ಆರ್2ರ ಮಾಮೂಲಿ ಪಟ್ಟಿ ಬಂತು: '192.168.3.0 ನನ್ನಿಂದ 2 ಹಾಪ್.' ಆ 2 ಹಾಪ್ ತನ್ನ ಮೂಲಕವೇ ಎಂದು ಆರ್3ಗೆ ತಿಳಿಯದು. 'ಓಹೋ, ಆರ್2 ಕಡೆ ದಾರಿ ಇದೆಯಂತೆ' ಎಂದು ನಂಬಿ 3 ಎಂದು ಬರೆದುಕೊಳ್ಳುತ್ತದೆ. ಅದನ್ನು ಕೇಳಿ ಆರ್2 4 ಎನ್ನುತ್ತದೆ, ಆರ್3 5 ಎನ್ನುತ್ತದೆ. ಇಲ್ಲದ ನೆಟ್‌ವರ್ಕಿನ ಗಾಳಿಸುದ್ದಿ ಇಬ್ಬರ ನಡುವೆ ಬೆಳೆಯುತ್ತಲೇ ಹೋಗುತ್ತದೆ, ಪ್ಯಾಕೆಟ್‌ಗಳು ಅತ್ತಿಂದಿತ್ತ ಗಿರಕಿ ಹೊಡೆಯುತ್ತವೆ. ಲೆಕ್ಕ 16 ಮುಟ್ಟಿದಾಗ ರಿಪ್ ಅದನ್ನು 'ತಲುಪಲಾಗದು' ಎಂದು ಕೈಬಿಡುತ್ತದೆ. 15ಕ್ಕಿಂತ ಹೆಚ್ಚು ಹಾಪ್ ಇರುವ ನೆಟ್‌ವರ್ಕಿಗೆ ರಿಪ್ ಒಗ್ಗದಿರುವುದಕ್ಕೆ ಕಾರಣ ಈ ಮಿತಿ. 'ಯಾರಿಂದ ಕೇಳಿದೆಯೋ ಅವರಿಗೇ ತಿರುಗಿ ಹೇಳಬೇಡ' ಎಂಬ ಸ್ಪ್ಲಿಟ್ ಹೊರೈಜನ್ ನಿಯಮ ಇಬ್ಬರ ನಡುವಿನ ಈ ಸುತ್ತನ್ನು ತಡೆಯುತ್ತದೆ. ಮೂವರ ಸುತ್ತನ್ನು ಪೂರ್ತಿ ತಡೆಯಲಾರದು.

ಹೊಸದಾಗಿ ಕಟ್ಟುವ ನೆಟ್‌ವರ್ಕಿನಲ್ಲಿ ರಿಪ್ ಹಾಕಬೇಡಿ ಎಂದೇ ನನ್ನ ಸಲಹೆ. ಆದರೆ ಒಂದು ಸಲ ಹಾಕಿ, ಮುರಿದು ನೋಡಿ. ಮುಂದಿನ ಪ್ರೊಟೊಕಾಲ್‌ಗಳು ಯಾವ ನೋವಿಗೆ ಮದ್ದಾಗಿ ಬಂದವು ಎಂಬುದು ಆಗ ಮಾತ್ರ ಮನಸ್ಸಿಗೆ ಇಳಿಯುತ್ತದೆ.

ಹಂತ 4: ಓಎಸ್‌ಪಿಎಫ್, ಎಲ್ಲರ ಕೈಯಲ್ಲೂ ಒಂದೇ ನಕ್ಷೆ

ಓಎಸ್‌ಪಿಎಫ್ ಎಂಬ ಪ್ರೊಟೊಕಾಲ್‌ನಲ್ಲಿ ರೂಟರ್ ಬೇರೆಯವರ ಬಗ್ಗೆ ಮಾತಾಡುವುದಿಲ್ಲ, ತನ್ನ ಬಗ್ಗೆ ಮಾತ್ರ ಹೇಳುತ್ತದೆ: 'ನಾನು ಆರ್2. ನನಗೆ ಆರ್1 ಜೊತೆ ಲಿಂಕ್ ಇದೆ, ವೆಚ್ಚ ಇಷ್ಟು. ಆರ್3 ಜೊತೆ ಇದೆ, ವೆಚ್ಚ ಇಷ್ಟು. ನನ್ನ ಹಿಂದೆ ಈ ಲ್ಯಾನ್ ಇದೆ.' ಈ ಹೇಳಿಕೆಗೆ ಎಲ್‌ಎಸ್‌ಎ ಎನ್ನುತ್ತಾರೆ. ನೆರೆಯವರು ಅದರ ಒಕ್ಕಣೆ ತಿದ್ದದೆ ಮುಂದಕ್ಕೆ ಸಾಗಿಸುತ್ತಾರೆ. ಕೊನೆಗೆ ಎಲ್ಲ ರೂಟರ್‌ಗಳ ಹತ್ತಿರವೂ ಎಲ್ಲರ ಹೇಳಿಕೆಗಳು ಸೇರಿ ಒಂದೇ ನಕ್ಷೆ ತಯಾರಾಗುತ್ತದೆ. ಆ ನಕ್ಷೆಯ ಮೇಲೆ ಪ್ರತಿಯೊಂದೂ ತನ್ನನ್ನು ನಡುವಿಗಿಟ್ಟು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ, ಎಲ್ಲಿಗೆ ಹೋಗಲು ಯಾವ ದಾರಿ ಅಗ್ಗ ಎಂದು ತಾನೇ ಲೆಕ್ಕ ಹಾಕುತ್ತದೆ.

ಮಾಡಬೇಕಾದದ್ದು ಹೀಗೆ. ಪ್ರತಿ ರೂಟರ್‌ಗೆ ಲೂಪ್‌ಬ್ಯಾಕ್ (ಯಾವ ಕೇಬಲ್‌ಗೂ ಸೇರದ, ರೂಟರ್ ಒಳಗಿನ) ಇಂಟರ್‌ಫೇಸ್ ಕೊಟ್ಟು ಅದರ ವಿಳಾಸವನ್ನೇ ರೂಟರ್ ಐಡಿಯಾಗಿ ಕೈಯಾರೆ ಬರೆಯಿರಿ: 1.1.1.1, 2.2.2.2, 3.3.3.3. ಎರಡು ರೂಟರ್‌ಗಳಿಗೆ ಒಂದೇ ಐಡಿ ಬಿದ್ದರೆ ನಕ್ಷೆಯಲ್ಲಿ ಎರಡು ಊರಿಗೆ ಒಂದೇ ಹೆಸರಿಟ್ಟಂತಾಗುತ್ತದೆ. ಆ ಗೊಂದಲ ಬಿಡಿಸುವುದು ಬಹಳ ಕಷ್ಟ. ಆಮೇಲೆ ಮೂರು ಲಿಂಕ್‌ಗಳನ್ನೂ ಲ್ಯಾನ್‌ಗಳನ್ನೂ ಏರಿಯಾ 0ಕ್ಕೆ ಸೇರಿಸಿ. ಲ್ಯಾನ್ ಕಡೆಯ ಪೋರ್ಟ್‌ಗಳನ್ನು ಪ್ಯಾಸಿವ್ ಮಾಡಿ. ಆಗ ಆ ನೆಟ್‌ವರ್ಕಿನ ಸುದ್ದಿ ಹೊರಗೆ ಹೋಗುತ್ತದೆ, ಆದರೆ ಯಾರೋ ಮೇಜಿನ ಮೇಲೆ ತಂದಿಟ್ಟ ಯಂತ್ರದ ಜೊತೆ ರೂಟರ್ ಗೆಳೆತನ ಬೆಳೆಸುವುದಿಲ್ಲ. ಲಿಂಕ್‌ಗಳಲ್ಲಿ ಆಥೆಂಟಿಕೇಷನ್ ಕೀ ಇಡಿ. ಯಾರ ಮಾತು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈ ಎರಡು ಸಾಲುಗಳೇ. ಬಹುತೇಕರು ಇವನ್ನು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ.

ಇನ್ನೊಂದು ಸಾಲು ಮರೆಯಬಾರದ್ದು. ಓಎಸ್‌ಪಿಎಫ್ ವೆಚ್ಚ ಲೆಕ್ಕ ಹಾಕುವುದು ಒಂದು ಆಧಾರ ವೇಗವನ್ನು ಲಿಂಕ್ ವೇಗದಿಂದ ಭಾಗಿಸಿ. ಹಿಂದಿನಿಂದ ಬಂದ ಆಧಾರ ವೇಗ 100 ಎಂಬಿಪಿಎಸ್. ಹಾಗೇ ಬಿಟ್ಟರೆ 100 ಎಂಬಿಪಿಎಸ್ ಲಿಂಕಿನ ವೆಚ್ಚವೂ 1, 1 ಜಿಬಿಪಿಎಸ್‌ನದೂ 1, 10 ಜಿಬಿಪಿಎಸ್‌ನದೂ 1. ಎತ್ತಿನಗಾಡಿಗೂ ರೈಲಿಗೂ ಒಂದೇ ಅಂಕ ಕೊಟ್ಟಂತೆ. 'ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್ 100000' ಎಂದು ಎಲ್ಲ ರೂಟರ್‌ಗಳಲ್ಲೂ ಬರೆಯಿರಿ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬಿಟ್ಟರೆ ಲೆಕ್ಕವೇ ಬೇರೆಬೇರೆ ಆಗುತ್ತದೆ. ಈಗ 100 ಎಂಬಿಪಿಎಸ್‌ಗೆ 1000, 1 ಜಿಬಿಪಿಎಸ್‌ಗೆ 100.

ಆರ್1ರ ಟೇಬಲ್‌ನಲ್ಲಿ ಹೀಗೊಂದು ಸಾಲು ಮೂಡುತ್ತದೆ (ಇದು ಸಿಸ್ಕೊ ತೋರಿಸುವ ರೂಪ):

ಓ 192.168.3.0/24 [110/300] ವಯಾ 10.0.12.2, 00:04:11, ಗಿಗಾಬಿಟ್‌ಈಥರ್ನೆಟ್0/0

ಇದನ್ನು ನಿಧಾನವಾಗಿ ಓದಿ. 'ಓ' ಅಂದರೆ ಓಎಸ್‌ಪಿಎಫ್ ಹೇಳಿದ್ದು. 300 ಒಟ್ಟು ವೆಚ್ಚ: ಆರ್1ರಿಂದ ಆರ್2ಕ್ಕೆ 100, ಆರ್2ರಿಂದ ಆರ್3ಕ್ಕೆ 100, ಆರ್3ರ ಲ್ಯಾನ್ ಪೋರ್ಟ್ 100. ನೇರ ದಾರಿಯಲ್ಲಿ ಹೋಗಿದ್ದರೆ 1000 ಮತ್ತು 100 ಸೇರಿ 1100 ಆಗುತ್ತಿತ್ತು. ರಿಪ್ ಕಾಣದ ಸತ್ಯವನ್ನು ಓಎಸ್‌ಪಿಎಫ್ ಕಂಡುಕೊಂಡಿತು. 00:04:11 ಈ ದಾರಿಯ ವಯಸ್ಸು. ನೆಟ್‌ವರ್ಕ್ ನೆಮ್ಮದಿಯಾಗಿದ್ದರೆ ಇಲ್ಲಿ ದಿನಗಳು, ವಾರಗಳು ಕಾಣಬೇಕು. ಸದಾ ಕೆಲವೇ ಸೆಕೆಂಡ್ ಕಾಣುತ್ತಿದ್ದರೆ ಎಲ್ಲೋ ಒಂದು ಲಿಂಕ್ ಎದ್ದುಬಿದ್ದು ಮಾಡುತ್ತಿದೆ. ಟೇಬಲ್ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಈ ಅಂಕಿಯ ಮೇಲೆ.

ಉಳಿದದ್ದು 110. ಇದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್, ಅಂದರೆ ಹೇಳಿದವರ ಮಾತಿನ ತೂಕ. ಒಂದೇ ನೆಟ್‌ವರ್ಕಿಗೆ ಇಬ್ಬರು ಬೇರೆಬೇರೆ ದಾರಿ ಹೇಳಿದರೆ ಕಡಿಮೆ ಅಂಕದವರನ್ನು ನಂಬುವುದು ಕ್ರಮ: ಕನೆಕ್ಟೆಡ್ 0, ಸ್ಟ್ಯಾಟಿಕ್ 1, ಹೊರಗಿನ ಬಿಜಿಪಿ (ಸಂಸ್ಥೆಗಳ ನಡುವಿನ ಪ್ರೊಟೊಕಾಲ್, ಹಂತ 6ರಲ್ಲಿ ಬರುತ್ತದೆ) 20, ಸಿಸ್ಕೊದಲ್ಲಿ ಹುಟ್ಟಿದ ಈಐಜಿಆರ್‌ಪಿ 90, ಓಎಸ್‌ಪಿಎಫ್ 110, ರಿಪ್ 120, ಒಳಗಿನ ಬಿಜಿಪಿ 200. ಆದರೆ ಈ ಪೈಪೋಟಿ ನಡೆಯುವುದು ಪ್ರಿಫಿಕ್ಸ್ ಉದ್ದ ಒಂದೇ ಇದ್ದಾಗ ಮಾತ್ರ. ಪ್ಯಾಕೆಟ್ ಕಳಿಸುವ ಹೊತ್ತಿಗೆ ಹೆಚ್ಚು ನಿಖರವಾದ ಪ್ರಿಫಿಕ್ಸ್ ಯಾವಾಗಲೂ ಗೆಲ್ಲುತ್ತದೆ. ರಿಪ್ ಹೇಳಿದ /25, ಸ್ಟ್ಯಾಟಿಕ್ ಆಗಿ ಬರೆದ /24ನ್ನು ಸೋಲಿಸುತ್ತದೆ. ಈ ನಿಯಮವನ್ನು ನೆನಪಿನಲ್ಲಿಡಿ, ಬಿಜಿಪಿ ಹತ್ತಿರ ಇದೇ ಭೂತವಾಗಿ ಎದುರಾಗುತ್ತದೆ.

ದೊಡ್ಡ ಲ್ಯಾನ್‌ನಲ್ಲಿ ಒಂದೇ ಸ್ವಿಚ್ಚಿಗೆ ಹತ್ತು ರೂಟರ್ ಸೇರಿದ್ದರೆ, ಎಲ್ಲರೂ ಎಲ್ಲರೊಡನೆ ನಕ್ಷೆ ಹಂಚಿಕೊಳ್ಳಲು 45 ಜೋಡಿ ಮಾತುಕತೆ ಬೇಕು. ಅದರ ಬದಲು ಒಂದು ಡಿಆರ್ (ಎಲ್ಲರ ಪ್ರತಿನಿಧಿ), ಒಂದು ಬಿಡಿಆರ್ (ಅದರ ಬದಲಿ) ಆಯ್ಕೆಯಾಗಿ ಉಳಿದವರು ಆ ಇಬ್ಬರ ಜೊತೆ ಮಾತ್ರ ಹಂಚಿಕೊಳ್ಳುತ್ತಾರೆ, 17 ಜೋಡಿಗೆ ಕೆಲಸ ಮುಗಿಯುತ್ತದೆ. ಹಾಗಾಗಿ ಅಂಥ ಕಡೆ ಕೆಲವು ನೆರೆಯವರು '2-ವೇ' (ಪರಸ್ಪರ ಗುರುತಿದೆ, ನಕ್ಷೆಯ ಹಂಚಿಕೆ ಇಲ್ಲ) ಸ್ಥಿತಿಯಲ್ಲೇ ನಿಂತಿದ್ದರೆ ಗಾಬರಿ ಬೇಡ, ಅದು ಸರಿಯಾದ ಸ್ಥಿತಿ. ನಮ್ಮ ಲ್ಯಾಬಿನಂತೆ ಇಬ್ಬರೇ ಇರುವ ಲಿಂಕಿನಲ್ಲಿ ಚುನಾವಣೆ ಬೇಕಾಗಿಲ್ಲ; ನೆಟ್‌ವರ್ಕ್ ಟೈಪ್ ಪಾಯಿಂಟ್-ಟು-ಪಾಯಿಂಟ್ ಎಂದು ಬರೆಯಿರಿ.

ನೆಟ್‌ವರ್ಕ್ ಬೆಳೆದಾಗ ಏರಿಯಾಗಳಾಗಿ ಒಡೆಯುತ್ತಾರೆ, ಎಲ್ಲವೂ ಏರಿಯಾ 0ಕ್ಕೆ ತಗುಲಿರಬೇಕು. ಒಂದು ಮಾತು: ನಕ್ಷೆ ಪೂರ್ತಿ ಕಾಣುವುದು ಏರಿಯಾದೊಳಗೆ ಮಾತ್ರ. ಗಡಿ ದಾಟಿದ ಕೂಡಲೇ ಓಎಸ್‌ಪಿಎಫ್ ಕೂಡ 'ಆಚೆ ಇಂಥ ನೆಟ್‌ವರ್ಕ್ ಇಷ್ಟು ವೆಚ್ಚದಲ್ಲಿ ಇದೆಯಂತೆ' ಎಂದೇ ಹೇಳುತ್ತದೆ.

ಹಂತ 5: ಮುರಿದು ನೋಡಿ

192.168.1.0ದ ಒಂದು ಯಂತ್ರದಿಂದ 192.168.3.0ಕ್ಕೆ ಪಿಂಗ್ ಬಿಟ್ಟು, ಆರ್1–ಆರ್2 ಕೇಬಲ್ ತೆಗೆಯಿರಿ. ಪೋರ್ಟ್ ಬಿದ್ದದ್ದು ಎರಡೂ ಕಡೆ ತಕ್ಷಣ ಗೊತ್ತಾಗುತ್ತದೆ, ಹೊಸ ಎಲ್‌ಎಸ್‌ಎ ಹರಡುತ್ತದೆ, ಪಿಂಗ್ ನೇರ ಲಿಂಕಿಗೆ ಹೊರಳುತ್ತದೆ. ಈಗ ನಡುವೆ ಸ್ವಿಚ್ ಇಟ್ಟು ಆಚೆಯ ಕೇಬಲ್ ತೆಗೆಯಿರಿ. ದೀಪ ಹಸಿರು, ಆರ್1 ಸುದ್ದಿಗಾಗಿ ಕಾಯುತ್ತದೆ. 'ನಾನಿದ್ದೇನೆ' ಎನ್ನುವ ಹಲೋ ಸಂದೇಶ 10 ಸೆಕೆಂಡಿಗೊಮ್ಮೆ ಬರಬೇಕು, 40 ಸೆಕೆಂಡ್ ಬರದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನ. ಆ 40 ಸೆಕೆಂಡ್ ಫೋನ್ ಕರೆಗಳೆಲ್ಲ ಕಟ್. ವ್ಯಾನ್ ಲಿಂಕುಗಳಲ್ಲಿ ನಡುವೆ ಯಾರದೋ ಉಪಕರಣ ಇದ್ದೇ ಇರುವುದರಿಂದ ಅಲ್ಲಿ ಲಿಂಕ್ ಜೀವಂತವೇ ಎಂದು ಬೇಗಬೇಗ ಪರೀಕ್ಷಿಸುವ ಬಿಎಫ್‌ಡಿ ಹಾಕಿ. 300 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಮೂರು ತಪ್ಪಿದರೆ ಲಿಂಕ್ ಸತ್ತಿತು ಎಂದಿಟ್ಟರೆ ಒಂದು ಸೆಕೆಂಡಿನೊಳಗೆ ವಿಷಯ ಗೊತ್ತಾಗುತ್ತದೆ.

ಹಂತ 6: ಮನೆಯ ಗಡಿ ದಾಟುವುದು, ಬಿಜಿಪಿ

ಓಎಸ್‌ಪಿಎಫ್ ನಡೆಯುವುದು ಒಂದೇ ಆಡಳಿತದ ಒಳಗೆ. ಅಲ್ಲಿ ಎಲ್ಲರ ಹಿತವೂ ಒಂದೇ, ಆದ್ದರಿಂದ ಎಲ್ಲವನ್ನೂ ಎಲ್ಲರಿಗೂ ಹೇಳಬಹುದು. ಬೇರೆ ಸಂಸ್ಥೆಯ ನೆಟ್‌ವರ್ಕಿಗೆ ಸೇರಿದಾಗ ಆ ಸಲಿಗೆ ಇರುವುದಿಲ್ಲ. ಅಲ್ಲಿ ಬೇಕಾದದ್ದು ಒಪ್ಪಂದ. ಆ ಭಾಷೆ ಬಿಜಿಪಿ. 1989ರ ಜನವರಿಯಲ್ಲಿ ಇಂಟರ್‌ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್‌ನ ಸಭೆಯೊಂದರ ಊಟದ ಹೊತ್ತಿನಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ಟರ್ ಕಾಗದದ ಕರವಸ್ತ್ರಗಳ ಮೇಲೆ ಬರೆದ ರೂಪುರೇಷೆಯಿಂದ ಬೆಳೆದದ್ದು ಇದು. ಇಡೀ ಇಂಟರ್‌ನೆಟ್ಟಿನ ನೆಟ್‌ವರ್ಕ್‌ಗಳು ಇಂದಿಗೂ ಇದರ ಮೇಲೇ ನಿಂತಿವೆ.

ಇಲ್ಲಿ ನೆರೆಯವರು ತಾವಾಗಿ ಸಿಗುವುದಿಲ್ಲ. ಇಬ್ಬರೂ ಒಬ್ಬರ ವಿಳಾಸ ಒಬ್ಬರು ಬರೆದುಕೊಂಡು ಟಿಸಿಪಿ ಪೋರ್ಟ್ 179ರಲ್ಲಿ ಸೇರಬೇಕು. ಪ್ರತಿ ಸಂಸ್ಥೆಗೂ ಒಂದು ಎಎಸ್ ಸಂಖ್ಯೆ. ಸುದ್ದಿ ಒಂದೊಂದು ಸಂಸ್ಥೆ ದಾಟಿದಾಗಲೂ ಆ ಸಂಖ್ಯೆ ಸಾಲಿಗೆ ಸೇರುತ್ತದೆ. ತನ್ನದೇ ಸಂಖ್ಯೆ ಸಾಲಿನಲ್ಲಿ ಕಂಡರೆ ರೂಟರ್ ಆ ಸುದ್ದಿಯನ್ನು ಬಿಸಾಡುತ್ತದೆ. ರಿಪ್‌ನ ಗಾಳಿಸುದ್ದಿ ಕಾಯಿಲೆಗೆ ಇದು ನೇರ ಮದ್ದು: 'ಅಂತೆ' ಇನ್ನೂ ಇದೆ, ಆದರೆ ಯಾರ್ಯಾರ ಬಾಯಿ ದಾಟಿ ಬಂತು ಎಂಬ ಪೂರ್ತಿ ವಿವರದ ಜೊತೆಗೆ.

ಲ್ಯಾಬಿನಲ್ಲಿ ಆರ್4 ಎಂಬ ರೂಟರ್ ಸೇರಿಸಿ, ಅದು ನಿಮ್ಮ ಐಎಸ್‌ಪಿ (ಇಂಟರ್‌ನೆಟ್ ಒದಗಿಸುವ ಸಂಸ್ಥೆ). ನಿಮಗೆ ಎಎಸ್ 65001, ಅದಕ್ಕೆ 65010. ಎರಡೂ ಖಾಸಗಿ ಬಳಕೆಗೆ ಮೀಸಲಾದ ಸಂಖ್ಯೆಗಳು. ಆರ್3–ಆರ್4 ಲಿಂಕ್ 198.51.100.0/30, ನೀವು ಹೊರಗೆ ಸಾರಬೇಕಾದ ಪ್ರಿಫಿಕ್ಸ್ 203.0.113.0/24. ಆರ್3ರ ಬಿಜಿಪಿಯಲ್ಲಿ ಆ ಪ್ರಿಫಿಕ್ಸ್ ಬರೆದರೂ ಅದು ಹೊರಗೆ ಹೋಗದೆ ಇರಬಹುದು. ಅಷ್ಟೇ ಉದ್ದದ ಪ್ರಿಫಿಕ್ಸ್ ರೂಟಿಂಗ್ ಟೇಬಲ್‌ನಲ್ಲಿ ಇದ್ದರೆ ಮಾತ್ರ ಬಿಜಿಪಿ ಸಾರುತ್ತದೆ. 203.0.113.0/24ನ್ನು ನಲ್ ಇಂಟರ್‌ಫೇಸಿಗೆ (ಬಂದದ್ದನ್ನೆಲ್ಲ ಬಿಸಾಡುವ ಜಾಗ) ಕಳಿಸುವ ಸ್ಟ್ಯಾಟಿಕ್ ರೂಟ್ ಬರೆದರೆ ಸಮಸ್ಯೆ ಮುಗಿಯುತ್ತದೆ. ಎಫ್‌ಆರ್‌ರೂಟಿಂಗ್‌ನಲ್ಲಿ ನೆರೆಯವನ ಮುಂದೆ 'ಪಾಲಿಸಿ' ಎಂಬ ಪದ ಕಂಡರೆ, ಫಿಲ್ಟರ್ ಬರೆಯದೆ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದರ್ಥ. ಈ ನಡವಳಿಕೆ 2017ರ ಆರ್‌ಎಫ್‌ಸಿ 8212 ಎಂಬ ಮಾನದಂಡ ದಾಖಲೆಯಿಂದ ಬಂದದ್ದು. ಅದನ್ನು ಆಫ್ ಮಾಡುವ ಕಮಾಂಡ್ ಹುಡುಕಬೇಡಿ. ಫಿಲ್ಟರ್ ಬರೆಯಿರಿ.

ಹೊರಹೋಗುವ ಫಿಲ್ಟರ್: 203.0.113.0/24 ಮಾತ್ರ, ಬೇರೆ ಏನೂ ಇಲ್ಲ. ಎರಡು ಐಎಸ್‌ಪಿ ಇಟ್ಟುಕೊಂಡವರು ಇದನ್ನು ಮರೆತರೆ ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿ, ಇಬ್ಬರ ನಡುವಿನ ಟ್ರಾಫಿಕ್ ಎಲ್ಲ ತಮ್ಮ ಪುಟ್ಟ ರೂಟರ್ ಮೇಲೆ ಎಳೆದುಕೊಳ್ಳುತ್ತಾರೆ. ಒಳಬರುವ ಫಿಲ್ಟರ್: ಖಾಸಗಿ ವಿಳಾಸಗಳು ಬೇಡ, ನಮ್ಮದೇ ಪ್ರಿಫಿಕ್ಸ್ ಹೊರಗಿನಿಂದ ಬಂದರೆ ಬೇಡ, /24ಕ್ಕಿಂತ ಉದ್ದದವು ಬೇಡ. ಜೊತೆಗೆ ಮ್ಯಾಕ್ಸಿಮಮ್-ಪ್ರಿಫಿಕ್ಸ್ ಮಿತಿ. ಇಂಟರ್‌ನೆಟ್ಟಿನ ಐಪಿವಿ4 ಟೇಬಲ್‌ನಲ್ಲಿ 9 ಲಕ್ಷಕ್ಕೂ ಹೆಚ್ಚು ದಾರಿಗಳಿವೆ. ಸಣ್ಣ ರೂಟರ್‌ಗೆ ಅದನ್ನೆಲ್ಲ ಉಣಿಸಬೇಡಿ, ಐಎಸ್‌ಪಿಯಿಂದ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಹಿಡಿಯುವ ದಾರಿ) ಮಾತ್ರ ಕೇಳಿ ಪಡೆಯಿರಿ.

ಫಿಲ್ಟರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2008ರ ಫೆಬ್ರವರಿ 24 ಸಾಕ್ಷಿ. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲೆಂದು 208.65.153.0/24 ಪ್ರಿಫಿಕ್ಸನ್ನು ಸಾರಿತು. ಅದು ಮೇಲಿನ ಸಂಸ್ಥೆಯ ಮೂಲಕ ಹೊರಜಗತ್ತಿಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದದ್ದು /22. ನಿಖರವಾದದ್ದು ಗೆಲ್ಲುತ್ತದೆ ಎಂಬ ಅದೇ ನಿಯಮ! ಸುಮಾರು ಎರಡು ಗಂಟೆ ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಇಂಥದ್ದನ್ನು ತಡೆಯಲು ಈಗ ಆರ್‌ಪಿಕೆಐ ಇದೆ. ಈ ಪ್ರಿಫಿಕ್ಸನ್ನು ಸಾರುವ ಹಕ್ಕು ಯಾವ ಎಎಸ್‌ಗೆ, ಎಷ್ಟು ಉದ್ದದವರೆಗೆ ಎಂದು ಸಹಿ ಮಾಡಿದ ದಾಖಲೆಗಳ ವ್ಯವಸ್ಥೆ ಅದು. ನಿಮಗೆ ಸ್ವಂತ ಪ್ರಿಫಿಕ್ಸ್ ಇದ್ದರೆ ಆ ದಾಖಲೆ ಇವತ್ತೇ ಮಾಡಿಸಿ. ಆದರೆ ಅದು ಮೂಲವನ್ನು ಮಾತ್ರ ಪರೀಕ್ಷಿಸುತ್ತದೆ, ನಡುವಿನ ದಾರಿಯನ್ನಲ್ಲ.

ಹಂತ 7: ಒಳಗಿನದು ಹೊರಗಿನದು ಕೂಡುವ ಜಾಗ

ಆರ್3ಗೆ ಬಂದ ಡಿಫಾಲ್ಟ್ ರೂಟನ್ನು ಆರ್1, ಆರ್2ಗೆ ತಿಳಿಸಬೇಕು. ಆರ್3ರ ಓಎಸ್‌ಪಿಎಫ್‌ನಲ್ಲಿ 'ಡಿಫಾಲ್ಟ್-ಇನ್‌ಫರ್ಮೇಷನ್ ಒರಿಜಿನೇಟ್' ಬರೆದರೆ ಸಾಕು. ಅದರ ಹಿಂದೆ 'ಆಲ್ವೇಸ್' ಸೇರಿಸಬೇಡಿ. ಸೇರಿಸಿದರೆ ಐಎಸ್‌ಪಿ ಲಿಂಕ್ ಸತ್ತಮೇಲೂ ಆರ್3 'ಹೊರಗೆ ಹೋಗಲು ನನ್ನ ಬಳಿ ಬನ್ನಿ' ಎಂದು ಸಾರುತ್ತಲೇ ಇರುತ್ತದೆ. ಬಿಜಿಪಿಯ ದಾರಿಗಳನ್ನು ಓಎಸ್‌ಪಿಎಫ್‌ಗೆ ರಿಡಿಸ್ಟ್ರಿಬ್ಯೂಟ್ ಮಾಡಲೇಬೇಡಿ. ಲಕ್ಷಗಟ್ಟಲೆ ದಾರಿ ಸುರಿದರೆ ಒಳಗಿನ ರೂಟರ್‌ಗಳು ಮಲಗುತ್ತವೆ.

ಹತ್ತದಿದ್ದಾಗ ಎಲ್ಲಿ ನೋಡಬೇಕು

'ಶೋ ಐಪಿ ಓಎಸ್‌ಪಿಎಫ್ ನೇಬರ್' ತೋರಿಸುವ ಸ್ಥಿತಿಯೇ ಅರ್ಧ ಉತ್ತರ. ನೆರೆಯವನೇ ಕಾಣದಿದ್ದರೆ ಏರಿಯಾ ಸಂಖ್ಯೆ, ಹಲೋ ಮತ್ತು ಡೆಡ್ ಟೈಮರ್, ಸಬ್‌ನೆಟ್ ಮಾಸ್ಕ್, ಕೀ ಇವು ಎರಡೂ ಕಡೆ ಹೊಂದುತ್ತಿವೆಯೇ ನೋಡಿ. 'ಇನಿಟ್'ನಲ್ಲಿ ನಿಂತಿದ್ದರೆ ಅವರ ಮಾತು ನಮಗೆ ಕೇಳುತ್ತಿದೆ, ನಮ್ಮದು ಅವರಿಗೆ ಕೇಳುತ್ತಿಲ್ಲ.

'ಎಕ್ಸ್‌ಸ್ಟಾರ್ಟ್'ನಲ್ಲಿ (ನಕ್ಷೆಯ ವಿನಿಮಯ ಶುರುವಾಗುವ ಹಂತ) ನಿಂತರೆ ಎಂಟಿಯು, ಅಂದರೆ ಒಡೆಯದೆ ಹೋಗಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ನೋಡಿ. ನಾನು ಇದಕ್ಕೆ ಒಂದು ಇಡೀ ರಾತ್ರಿ ತೆತ್ತಿದ್ದೇನೆ. ಎರಡು ಕಚೇರಿಗಳ ನಡುವಿನ ಜಿಆರ್‌ಇ ಟನಲ್ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಕಳಿಸುವ ದಾರಿ). ಹಲೋ ಬರುತ್ತಿತ್ತು, ಪಿಂಗ್ ಹೋಗುತ್ತಿತ್ತು, ನಕ್ಷೆ ಮಾತ್ರ ಹಂಚಿಕೆಯಾಗುತ್ತಿರಲಿಲ್ಲ. ಕೀ ಬದಲಿಸಿದೆ, ಟೈಮರ್ ಬದಲಿಸಿದೆ, ಎರಡೂ ರೂಟರ್ ರೀಬೂಟ್ ಮಾಡಿದೆ. ಬೆಳಗಿನ ಜಾವ ದೊಡ್ಡ ಗಾತ್ರದ ಪಿಂಗ್, ಒಡೆಯಬಾರದೆಂಬ ಗುರುತಿನೊಂದಿಗೆ ಕಳಿಸಿದಾಗ ಉತ್ತರ ಬರಲಿಲ್ಲ. ಒಂದು ಕಡೆ ಎಂಟಿಯು 1476, ಇನ್ನೊಂದು ಕಡೆ ಯಾರೋ 1500 ಎಂದು ಬರೆದಿಟ್ಟಿದ್ದರು. ಜಿಆರ್‌ಇ ತನಗೆಂದು 24 ಬೈಟ್ ತೆಗೆದುಕೊಳ್ಳುತ್ತದೆ. ಎಂಟಿಯು ಹೊಂದದಿದ್ದರೆ ಓಎಸ್‌ಪಿಎಫ್ ನಕ್ಷೆಯ ವಿನಿಮಯಕ್ಕೆ ಒಪ್ಪುವುದಿಲ್ಲ. ಅಂದಿನಿಂದ ಟನಲ್ ಕಟ್ಟಿದ ಕೂಡಲೇ ನನ್ನ ಮೊದಲ ಪರೀಕ್ಷೆ ದೊಡ್ಡ ಪಿಂಗ್.

ಟನಲ್ ಎದ್ದು ಕೆಲವೇ ಸೆಕೆಂಡಿನಲ್ಲಿ ಬಿದ್ದು ಮತ್ತೆ ಏಳುತ್ತಿದ್ದರೆ, ಟನಲ್‌ನ ಆಚೆ ತುದಿಯ ವಿಳಾಸಕ್ಕೆ ಹೋಗುವ ದಾರಿಯನ್ನೇ ಟನಲ್ ಒಳಗಿನ ಓಎಸ್‌ಪಿಎಫ್ ಹೇಳುತ್ತಿದೆಯೇ ನೋಡಿ. ಆ ವಿಳಾಸಕ್ಕೆ ಹೊರಗಿನ ಲಿಂಕಿನ ಕಡೆ ಒಂದು /32 ಸ್ಟ್ಯಾಟಿಕ್ ರೂಟ್ ಬರೆದರೆ ನಿಲ್ಲುತ್ತದೆ.

ಇನ್ನು, ದೂರದ ರೂಟರ್‌ಗೆ ಲಾಗಿನ್ ಆಗಿ ಇದನ್ನೆಲ್ಲ ಬದಲಿಸುವ ಮೊದಲು ಮಾಡಬೇಕಾದ ಕೆಲಸ. ಸಿಸ್ಕೊದಲ್ಲಿ ಹಳೆಯ ಕಾನ್ಫಿಗ್ ಉಳಿಸಿ 'ರಿಲೋಡ್ ಇನ್ 10' ಹಾಕಿ, ಆಮೇಲೆ ಬದಲಾವಣೆ ಶುರುಮಾಡಿ. ಸಂಪರ್ಕ ಕಡಿದುಹೋದರೆ ಹತ್ತು ನಿಮಿಷಕ್ಕೆ ಅದು ಹಳೆಯ ಸ್ಥಿತಿಯಲ್ಲಿ ಏಳುತ್ತದೆ. ಎಲ್ಲ ಸರಿಹೋದರೆ 'ರಿಲೋಡ್ ಕ್ಯಾನ್ಸಲ್' ಹಾಕಲು ಮರೆಯಬೇಡಿ. ಇನ್ನೊಂದು ತಯಾರಕ ಜೂನಿಪರ್‌ನ ರೂಟರ್‌ನಲ್ಲಿ 'ಕಮಿಟ್ ಕನ್‌ಫರ್ಮ್ಡ್' ಇದೇ ಕೆಲಸವನ್ನು ರೀಬೂಟ್ ಇಲ್ಲದೆ ಮಾಡುತ್ತದೆ. ಹತ್ತು ನಿಮಿಷದೊಳಗೆ ಇನ್ನೊಮ್ಮೆ ಕಮಿಟ್ ಮಾಡದಿದ್ದರೆ ಹಳೆಯ ಕಾನ್ಫಿಗ್ ತಾನಾಗಿ ಮರಳುತ್ತದೆ.